ಕದ್ರಿಯ ಸ್ಟುಡಿಯೋ, ಬ್ರಹ್ಮಾವರದ ಗೋಪುರ

ಉಡುಪಿಯಿಂದ ಕುಂದಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬ್ರಹ್ಮಾವರದೊಳಗೆ, ‘ಆಕಾಶವಾಣಿ’ ಎಂದೇ ಜನ ಕರೆಯುವ ಒಂದು ಜಾಗವಿದೆ. ಹೆಸರು ಕೇಳಿದ ಹೊಸಬರು ಅಲ್ಲಿ ಕಲಾವಿದರು ಬಂದು ಹಾಡುತ್ತಾರೆ, ಉದ್ಘೋಷಕರು ಕುಳಿತು ಮಾತನಾಡುತ್ತಾರೆ ಎಂದು ಭಾವಿಸುವುದು ಸಹಜ. ಆದರೆ ಆ ಹೆಸರು ಬಂದದ್ದು ಹಾಡುಗಾರರಿಂದಲ್ಲ, ಅಲ್ಲಿ ನಿಲ್ಲಿಸಿದ ಪ್ರಸಾರ ಯಂತ್ರ ಮತ್ತು ಅದರ ಎತ್ತರದ ಗೋಪುರದಿಂದ. ಹಾಡು ಹುಟ್ಟುವ ಸ್ಥಳ ಅಲ್ಲಿಂದ ಸುಮಾರು 70 ಕಿಲೋಮೀಟರ್ ದಕ್ಷಿಣಕ್ಕೆ, ಮಂಗಳೂರಿನ ಕದ್ರಿ ಗುಡ್ಡದ ಮೇಲೆ. ಕದ್ರಿಯಲ್ಲಿ ಹಾಡಿದ್ದು ಬ್ರಹ್ಮಾವರಕ್ಕೆ ಹೋಗಿ, ಅಲ್ಲಿಂದ ಗಾಳಿಗೇರಿ, ಕಾಪುವಿನ ಕಡಲ ತೀರದ ಮನೆಗೂ ಕಾರ್ಕಳದ ಗುಡ್ಡದ ಬುಡದ ಮನೆಗೂ ಬಂದು ಮುಟ್ಟುತ್ತಿತ್ತು.

ಈ ಎರಡು ಊರುಗಳ ನಡುವಿನ ನಂಟೇ ಮಂಗಳೂರು ಆಕಾಶವಾಣಿ. 1976ರ ಡಿಸೆಂಬರ್ 11ರಂದು ಅದು ಪ್ರಸಾರ ಆರಂಭಿಸಿತು. ಉಡುಪಿ ಆಗಿನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ; ಅದಾದದ್ದು 1997ರಲ್ಲಿ. ಕರಾವಳಿಯ ಜನಕ್ಕೆ ಅದಕ್ಕೂ ಮೊದಲು ಬಾನುಲಿ ಇರಲಿಲ್ಲವೆಂದಲ್ಲ. ರೇಡಿಯೋ ಪೆಟ್ಟಿಗೆ ಇತ್ತು, ಕೇಳುವವರೂ ಇದ್ದರು. ಇರದಿದ್ದುದು ತಮ್ಮ ಊರಿನ ಹಾಡು. ಪೆಟ್ಟಿಗೆಯೊಳಗಿನಿಂದ ಬರುವ ಸಂಗೀತವೆಲ್ಲ ಬೇರೆ ಊರಿನದಾಗಿತ್ತು.

ದೂರದ ಊರುಗಳ ದನಿ

ದಕ್ಷಿಣ ಕನ್ನಡ 1956ರ ತನಕ ಮದರಾಸು ಆಡಳಿತಕ್ಕೆ ಸೇರಿತ್ತು. ಆದ್ದರಿಂದ ಈ ಜಿಲ್ಲೆಯ ಅಧಿಕೃತ ಬಾನುಲಿ ಎಂದರೆ ಮದರಾಸಿನದು. ಮದರಾಸಿನಲ್ಲಿ 1924ರಲ್ಲೇ ಹವ್ಯಾಸಿಗಳು ರೇಡಿಯೋ ಕ್ಲಬ್ಬು ಕಟ್ಟಿಕೊಂಡು ಪ್ರಸಾರ ಮಾಡಿದರು. ಹಣ ಸಾಲದೆ ಅದು ನಿಂತಾಗ ನಗರಸಭೆ ಆ ಯಂತ್ರವನ್ನು ವಹಿಸಿಕೊಂಡು 1930ರಲ್ಲಿ ಮತ್ತೆ ಪ್ರಸಾರ ಶುರುಮಾಡಿತು. 1938ರ ಜೂನ್ 16ರಂದು ಅಲ್ಲಿ ಆಲ್ ಇಂಡಿಯಾ ರೇಡಿಯೋ ಕೇಂದ್ರ ಬಂತು. ಘಟ್ಟದ ಮೇಲಿನ ಮೈಸೂರು ಸಂಸ್ಥಾನದಲ್ಲಿ ಅಷ್ಟರೊಳಗೆ ಇನ್ನೊಂದು ಕತೆ ನಡೆದಿತ್ತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. ‘ಆಕಾಶವಾಣಿ’ ಎಂಬ ಹೆಸರನ್ನು ಆ ಕೇಂದ್ರ ಇಟ್ಟುಕೊಂಡಿತು. ಮುಂದೆ ಇಡೀ ದೇಶದ ಸರ್ಕಾರಿ ಬಾನುಲಿಗೆ ಅದೇ ಹೆಸರು ಸಂದಿತು. 2023ರಲ್ಲಿ ಕೇಂದ್ರ ಸರ್ಕಾರ ಇಂಗ್ಲಿಷ್ ಪ್ರಸಾರದಲ್ಲೂ ಆಲ್ ಇಂಡಿಯಾ ರೇಡಿಯೋ ಎನ್ನುವ ಬದಲು ಆಕಾಶವಾಣಿ ಎಂದೇ ಹೇಳಬೇಕೆಂದು ಆದೇಶಿಸಿದಾಗ, ಮೈಸೂರಿನ ಮನೆಯೊಂದರ ಹೆಸರು ಪೂರ್ತಿಯಾಗಿ ದೇಶದ ಹೆಸರಾಯಿತು.

ಸ್ವಾತಂತ್ರ್ಯಾನಂತರ ಕೇಂದ್ರಗಳು ಒಂದೊಂದಾಗಿ ಬಂದವು. 1950ರ ಜನವರಿ 8ರಂದು ಧಾರವಾಡ, ಅದೇ ವರ್ಷದ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್. ಮೈಸೂರಿನ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. 1965ರಲ್ಲಿ ಭದ್ರಾವತಿ, 1966ರಲ್ಲಿ ಕಲಬುರಗಿ. 1974ರಲ್ಲಿ ಮೈಸೂರಿಗೆ ಮತ್ತೆ ಕೇಂದ್ರ ಬಂತು. ಉಡುಪಿ, ಕಾರ್ಕಳಗಳ ಕೇಳುಗರು ಮುಳ್ಳು ತಿರುಗಿಸುತ್ತ, ಗರಗರ ಸದ್ದಿನ ನಡುವೆ ಈ ದನಿಗಳನ್ನು ಹುಡುಕಿಕೊಳ್ಳಬೇಕಿತ್ತು. ಧಾರವಾಡ ಹಿಡಿದರೆ ಹಿಂದೂಸ್ತಾನಿ ಗಾಯನ, ಬೆಂಗಳೂರು ಹಿಡಿದರೆ ಕರ್ನಾಟಕ ಸಂಗೀತ ಮತ್ತು ಭಾವಗೀತೆ, ಕೋಝಿಕ್ಕೋಡ್ ಹಿಡಿದರೆ ಮಲಯಾಳ ಹಾಡು.

ಸಿನಿಮಾ ಹಾಡು ಬೇಕಾದವರಿಗೆ ಸಿಲೋನ್ ಇತ್ತು. 1952ರಿಂದ 1962ರ ತನಕ ಪ್ರಸಾರ ಖಾತೆಯ ಸಚಿವರಾಗಿದ್ದ ಬಿ. ವಿ. ಕೇಸ್ಕರ್ ಅವರು ಸಿನಿಮಾ ಸಂಗೀತ ಜನರ ಅಭಿರುಚಿಯನ್ನು ಕೆಡಿಸುತ್ತದೆಂದು ನಂಬಿದ್ದರು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಹೆಚ್ಚುಕಡಿಮೆ ಮರೆಯಾದವು. ಶಾಸ್ತ್ರೀಯ ಸಂಗೀತಕ್ಕೆ ಹಿಂದೆಂದೂ ಇಲ್ಲದ ಪೋಷಣೆ ದೊರೆಯಿತು. ಕೇಳುಗರು ಮಾತ್ರ ಸದ್ದಿಲ್ಲದೆ ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. ಅವರನ್ನು ಮರಳಿ ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು.

ಈ ಎಲ್ಲ ಗದ್ದಲದಲ್ಲಿ ಕರಾವಳಿಯ ಸ್ವಂತ ಸಂಗೀತಕ್ಕೆ ಸ್ಥಾನವಿರಲಿಲ್ಲ. ಪಾಂಡೇಶ್ವರ ಕಾಳಿಂಗರಾಯರ ಉದಾಹರಣೆಯನ್ನೇ ನೋಡಬಹುದು. ಕನ್ನಡ ಸುಗಮ ಸಂಗೀತದ ಆದ್ಯರಲ್ಲಿ ಒಬ್ಬರಾದ ಅವರು 1914ರಲ್ಲಿ ಹುಟ್ಟಿದ್ದು ಬ್ರಹ್ಮಾವರಕ್ಕೆ ಸಮೀಪದ ಆರೂರಿನಲ್ಲಿ. ಮುಂದೆ ಗೋಪುರ ಎದ್ದ ಜಾಗಕ್ಕೆ ಅವರ ಹುಟ್ಟೂರು ಕೂಗಳತೆಯದಲ್ಲದಿದ್ದರೂ ನಡೆದು ಹೋಗುವಷ್ಟು ಹತ್ತಿರ. ಆದರೆ ಕಾಳಿಂಗರಾಯರು ಹಾಡುಗಾರರಾಗಿ ಬಾಳಿದ್ದು ನಾಟಕ ಕಂಪೆನಿ, ಮದರಾಸು, ಬೆಂಗಳೂರುಗಳಲ್ಲಿ. ಅವರ ಕಂಠ ಹುಟ್ಟೂರಿಗೆ ತಿರುಗಿ ಬಂದದ್ದು ಗ್ರಾಮಫೋನ್ ತಟ್ಟೆಗಳಲ್ಲಿ ಮತ್ತು ಪರ ಊರಿನ ಬಾನುಲಿಯಲ್ಲಿ. ಮಂಗಳೂರು ಕೇಂದ್ರ ತೆರೆದಾಗ ಅವರಿಗೆ ಅರುವತ್ತು ದಾಟಿತ್ತು; 1981ರಲ್ಲಿ ತೀರಿಕೊಂಡರು.

ಗೋಪುರ ಅಲ್ಲೇಕೆ, ಸ್ಟುಡಿಯೋ ಇಲ್ಲೇಕೆ?

ಹಾಡುವ ಕೋಣೆ ಒಂದು ಊರಿನಲ್ಲಿ, ಹರಡುವ ಯಂತ್ರ ಇನ್ನೊಂದು ಊರಿನಲ್ಲಿ ಎಂಬುದು ವಿಚಿತ್ರವಾಗಿ ಕಾಣಬಹುದು. ಮಧ್ಯಮ ತರಂಗದ ಕಾಲದಲ್ಲಿ ಅದು ವಿಶೇಷವೇನಲ್ಲ. ಸ್ಟುಡಿಯೋಗೆ ಬೇಕಾದದ್ದು ಕಲಾವಿದರು ಬಂದುಹೋಗಲು ಅನುಕೂಲವಾದ ಪೇಟೆ ಮತ್ತು ಹೊರಗಿನ ಸದ್ದು ಒಳನುಸುಳದ ಗೋಡೆ. ಪ್ರಸಾರ ಗೋಪುರಕ್ಕೆ ಬೇಕಾದದ್ದು ವಿಶಾಲವಾದ ಬಯಲು. ಈ ಗೋಪುರ ಬರಿಯ ಕಂಬವಲ್ಲ. ಅದರ ಬುಡದಿಂದ ಸುತ್ತಲೂ ನೆಲದೊಳಗೆ ತಾಮ್ರದ ತಂತಿಗಳನ್ನು ಚಕ್ರದ ಅರಗಳಂತೆ ಹೂಳಬೇಕಾಗುತ್ತದೆ. ಮಂಗಳೂರು ಕೇಂದ್ರ ಕರಾವಳಿಗೆ ಪರಿಚಿತವಾದದ್ದು 1089 ಕಿಲೋಹರ್ಟ್ಸ್ ಕಂಪನಾಂಕದಲ್ಲಿ. ಎಂದರೆ ಅದರ ಒಂದೊಂದು ಅಲೆಯ ಉದ್ದ ಸುಮಾರು 275 ಮೀಟರ್. ಅಷ್ಟು ಉದ್ದದ ಅಲೆಯನ್ನು ಎಬ್ಬಿಸಲು ಪೇಟೆಯ ನಡುವಿನ ಮನೆಯ ಮಾಡು ಸಾಲದು. ಯಂತ್ರದ ಶಕ್ತಿ 20 ಕಿಲೋವ್ಯಾಟ್.

ಮಧ್ಯಮ ತರಂಗ ಹಗಲು ಹೊತ್ತಿನಲ್ಲಿ ನೆಲವನ್ನು ತಬ್ಬಿಕೊಂಡು ಸಾಗುತ್ತದೆ. ಒಣ ಕಲ್ಲುನೆಲದಲ್ಲಿ ಬೇಗ ಸೋಲುತ್ತದೆ. ಒದ್ದೆ ನೆಲದಲ್ಲಿ, ಅದರಲ್ಲೂ ಉಪ್ಪುನೀರಿನ ಮೇಲೆ, ಬಹುದೂರ ಹೋಗುತ್ತದೆ. ಬ್ರಹ್ಮಾವರ ಸುವರ್ಣಾ ಮತ್ತು ಸೀತಾ ನದಿಗಳ ನಡುವಿನ, ಗದ್ದೆ ಬಯಲುಗಳ ಊರು. ಪಡುವಣ ದಿಕ್ಕಿಗೆ ಹತ್ತಿರದಲ್ಲೇ ಸಮುದ್ರ. ಆದ್ದರಿಂದ ಮಲ್ಪೆ, ಕಾಪುಗಳಿಂದ ಕಡಲಿಗಿಳಿದ ದೋಣಿಗಳಿಗೂ ಈ ಅಲೆ ಸುಲಭವಾಗಿ ದಕ್ಕುವಂಥದು. ಉದ್ದದ ಅಲೆಯಾದ್ದರಿಂದ ಗುಡ್ಡ ಅಡ್ಡ ಬಂದರೂ ಸ್ವಲ್ಪ ಬಾಗಿ ಆಚೆ ಹೋಗುತ್ತದೆ. ಹೀಗಾಗಿ ಕಾರ್ಕಳದಾಚೆಯ ಘಟ್ಟದ ತಪ್ಪಲಿಗೂ ಅದು ಸಲ್ಲುತ್ತದೆ. ರಾತ್ರಿಯಾದರೆ ಮಾತ್ರ ಬೇರೆ ಲೆಕ್ಕ. ಸೂರ್ಯ ಮುಳುಗಿದ ಮೇಲೆ ಮೇಲಿನ ವಾಯುಮಂಡಲದಲ್ಲಿ ಅಲೆಗಳನ್ನು ಹೀರುವ ಪದರ ತೆಳುವಾಗಿ, ಎಲ್ಲೆಲ್ಲಿಯದೋ ಕೇಂದ್ರಗಳ ಅಲೆಗಳು ಆಕಾಶದಿಂದ ಪುಟಿದು ಬರುತ್ತವೆ. ಭಾಗವತರ ಪದದ ನಡುವೆ ಯಾವುದೋ ದೇಶದ ವಾರ್ತೆ ಸೇರಿಕೊಳ್ಳುವುದು ಅದಕ್ಕೇ.

ಇನ್ನೊಂದು ಸಂಗತಿ ಗೋಪುರ ಹಾಕಿದವರ ಮನಸ್ಸಿನಲ್ಲಿ ಇತ್ತೋ ಇಲ್ಲವೋ, ಕರಾವಳಿಯವರ ಕಣ್ಣಿಗೆ ಬೀಳದೆ ಇರದು. ಮಂಗಳೂರು ತೆಂಕುತಿಟ್ಟು ಯಕ್ಷಗಾನದ ಸೀಮೆ. ಬ್ರಹ್ಮಾವರ ಬಡಗುತಿಟ್ಟಿನ ಸೀಮೆ. ಮಂಗಳೂರಿನ ಪೇಟೆಯಲ್ಲಿ ತುಳು, ಕೊಂಕಣಿಗಳ ಬಳಕೆ. ಬ್ರಹ್ಮಾವರದಿಂದ ಬಡಗಕ್ಕೆ ಹೋದಂತೆ ತುಳು ಹಿಂದೆ ಸರಿದು ಕುಂದಾಪುರದ ಕನ್ನಡ ಕಿವಿಗೆ ಬೀಳತೊಡಗುತ್ತದೆ. ತೆಂಕಿನಲ್ಲಿ ಸ್ಟುಡಿಯೋ, ಬಡಗಿನಲ್ಲಿ ಗೋಪುರ. ಎರಡು ತಿಟ್ಟುಗಳನ್ನು, ಮೂರು ನಾಲ್ಕು ಭಾಷೆಗಳನ್ನು ಒಂದೇ ದಾರದಲ್ಲಿ ಪೋಣಿಸುವ ಕೆಲಸ ಈ ಕೇಂದ್ರದ ಪಾಲಿಗೆ ಬಂತು.

ರಾತ್ರಿಯ ಆಟ, ಗಡಿಯಾರದ ಕೂಟ

ಬಾನುಲಿಗೂ ಕರಾವಳಿಯ ಕಲೆಗೂ ಇದ್ದ ಮೊದಲ ತಕರಾರು ಹೊತ್ತಿನದು. ಯಕ್ಷಗಾನ ಬಯಲಾಟ ರಾತ್ರಿ ಊಟವಾದ ಮೇಲೆ ಆರಂಭವಾಗಿ ಬೆಳಗಾಗುವ ತನಕ ನಡೆಯುವುದು ಸಂಪ್ರದಾಯ. ತಾಳಮದ್ದಳೆ ಕೂಟವೂ ಅಷ್ಟೇ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು ಮತ್ತು ಅರ್ಥಧಾರಿಗಳ ಮಾತು ಮಾತ್ರ. ಒಬ್ಬ ಅರ್ಥಧಾರಿಯ ಪೀಠಿಕೆಯೇ ಅರ್ಧ ಗಂಟೆ ಹಿಡಿದರೂ ಕೇಳುವವರು ಕದಲುವುದಿಲ್ಲ. ಆಕಾಶವಾಣಿಗೆ ಇಂಥ ಪುರುಸೊತ್ತಿಲ್ಲ. ಅದರ ದಿನ ನಿಮಿಷಗಳಾಗಿ ಸೀಳಿದ ದಿನ. ವಾರ್ತೆಗೆ ಇಷ್ಟು, ಕೃಷಿಕರಿಗೆ ಇಷ್ಟು, ಸಂಗೀತಕ್ಕೆ ಇಷ್ಟು. ರಾತ್ರಿಯಿಡೀ ನಡೆಯಬೇಕಾದ ಪ್ರಸಂಗ ಅರ್ಧ ಗಂಟೆಗೋ ಒಂದು ಗಂಟೆಗೋ ಇಳಿಯಬೇಕಾಯಿತು.

ತಾಳಮದ್ದಳೆ ಬಾನುಲಿಗೆ ಹೇಳಿ ಮಾಡಿಸಿದ ಕಲೆ ಎನ್ನಬಹುದು, ಏಕೆಂದರೆ ಅದರಲ್ಲಿ ನೋಡುವುದಕ್ಕೆ ಏನೂ ಇಲ್ಲ. ಕೇಳುವುದಕ್ಕೆ ಮಾತ್ರ ಇರುವ ನಾಟಕ ಅದು. ಮಂಗಳೂರು ಆಕಾಶವಾಣಿಯ ಕಾರ್ಯಕ್ರಮಗಳಲ್ಲಿ ಅದು ಬೇಗನೆ ಸ್ಥಿರವಾದ ಜಾಗ ಪಡೆದುದು ಆಶ್ಚರ್ಯವಲ್ಲ. ಆದರೆ ಹೊತ್ತು ಕಡಿಮೆಯಾದಂತೆ ಕಲೆಯ ಒಳಗಿನ ಲೆಕ್ಕವೂ ಬದಲಾಯಿತು. ಪದ್ಯಗಳನ್ನು ಆರಿಸಿಕೊಳ್ಳಬೇಕು, ಒಂದು ಪದ್ಯಕ್ಕೆ ಇಷ್ಟೇ ಮಾತು ಎಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಎದುರಾಳಿ ಎಸೆದ ಪ್ರಶ್ನೆಗೆ ಅಲ್ಲೇ ಹೊಳೆದ ಉತ್ತರ ಕೊಡುವುದು ತಾಳಮದ್ದಳೆಯ ಜೀವ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಕೀರ್ತಿ ನಿಂತದ್ದೇ ಆ ಪ್ರತ್ಯುತ್ಪನ್ನಮತಿಯ ಮೇಲೆ. ಗಡಿಯಾರ ಎದುರಿಗಿದ್ದಾಗ ವಾದ ಎಲ್ಲಿಗೆ ಹೋಗುತ್ತದೋ ಹೋಗಲಿ ಎಂದು ಬಿಡುವಂತಿಲ್ಲ.

ಸ್ಟುಡಿಯೋದೊಳಗೆ ವಾದ್ಯಗಳದೂ ತೊಂದರೆಯೇ. ಚೆಂಡೆ ಬಯಲಿನ ವಾದ್ಯ. ರಾತ್ರಿ ಮೈಲುಗಟ್ಟಲೆ ದೂರಕ್ಕೆ ‘ಇಲ್ಲಿ ಆಟ ಇದೆ’ ಎಂದು ಸಾರುವುದೇ ಅದರ ಕೆಲಸ. ನಾಲ್ಕು ಗೋಡೆಯೊಳಗೆ, ಮೈಕಿನ ಸಮೀಪ ಅದನ್ನು ಬಾರಿಸಿದರೆ ಭಾಗವತರ ದನಿ ಮುಚ್ಚಿಹೋಗುತ್ತದೆ. ಚೆಂಡೆಯನ್ನು ದೂರಕ್ಕೆ, ಮದ್ದಳೆಯನ್ನು ಸ್ವಲ್ಪ ಹತ್ತಿರಕ್ಕೆ, ಭಾಗವತರನ್ನು ಮೈಕಿನ ಎದುರಿಗೆ ಕೂರಿಸುವುದು ಇಂಥ ಧ್ವನಿಮುದ್ರಣದ ಮೊದಲ ಪಾಠ. ಮಧ್ಯಮ ತರಂಗದ ಮಿತಿಯೂ ಇದಕ್ಕೆ ಸೇರುತ್ತದೆ. ಈ ಪಟ್ಟಿಯಲ್ಲಿ ಒಂದು ಕೇಂದ್ರಕ್ಕೂ ಇನ್ನೊಂದಕ್ಕೂ ನಡುವಿನ ಅಂತರ 9 ಕಿಲೋಹರ್ಟ್ಸ್ ಮಾತ್ರ. ಆದ್ದರಿಂದ ಧ್ವನಿಯ ಮೇಲ್ತುದಿಯನ್ನು ಕತ್ತರಿಸಿ ಕಳುಹಿಸಬೇಕಾಗುತ್ತದೆ. ಮನುಷ್ಯರ ಮಾತು ಸ್ಪಷ್ಟವಾಗಿ ಉಳಿಯುತ್ತದೆ, ಜಾಗಟೆ ಮತ್ತು ತಾಳಗಳ ಹೊಳಪು ಉಳಿಯುವುದಿಲ್ಲ.

ಶ್ರುತಿಯ ಪ್ರಶ್ನೆಯೂ ಒಂದಿತ್ತು. ಯಕ್ಷಗಾನದಲ್ಲಿ ಹಳೆಯ ಪುಂಗಿಯ ಜಾಗಕ್ಕೆ ಹಾರ್ಮೋನಿಯಂ ಬಂದು ಬಹುಕಾಲವಾಗಿತ್ತು. ಆಕಾಶವಾಣಿಯಾದರೋ 1940ರಲ್ಲಿ, ಅದು ನಮ್ಮ ರಾಗಗಳ ಸೂಕ್ಷ್ಮ ಸ್ವರಗಳಿಗೆ ಒಗ್ಗದ ವಾದ್ಯವೆಂದು, ಹಾರ್ಮೋನಿಯಮ್ಮನ್ನು ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತ್ತು. ನಿಷೇಧ ಸಡಿಲವಾದದ್ದು 1970ರ ದಶಕದ ಆರಂಭದಲ್ಲಿ. ಮಂಗಳೂರು ಕೇಂದ್ರ ಹತ್ತಿಪ್ಪತ್ತು ವರ್ಷ ಮೊದಲೇ ಹುಟ್ಟಿದ್ದರೆ ಭಾಗವತರ ಶ್ರುತಿಪೆಟ್ಟಿಗೆ ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತೇನೋ.

ಕಳೆದುಕೊಂಡದ್ದನ್ನೇ ಎಣಿಸಿದರೆ ನ್ಯಾಯವಾಗದು. ಬಾನುಲಿ ಕೊಟ್ಟದ್ದೂ ಇದೆ, ಅದರಲ್ಲಿ ದೊಡ್ಡದು ಮಳೆಗಾಲ. ಪತ್ತನಾಜೆಗೆ, ಎಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮುಂದಿನ ಐದಾರು ತಿಂಗಳು ಬಯಲಿನಲ್ಲಿ ಆಟವಿಲ್ಲ. ಮನೆಯ ಜಗಲಿಯ ತಾಳಮದ್ದಳೆ ಕೂಟಗಳು ಅಲ್ಲಲ್ಲಿ ನಡೆದರೂ ಹೊಳೆ ದಾಟಿ ಹೋಗುವುದು ಕಷ್ಟ. ಆಟಿ ತಿಂಗಳ ಜಡಿಮಳೆಯಲ್ಲಿ ಟ್ರಾನ್ಸಿಸ್ಟರಿನಿಂದ ಭಾಗವತಿಕೆ ಕೇಳಿಬಂದದ್ದು ಕರಾವಳಿಯ ಮನೆಗಳಿಗೆ ಹೊಸ ಅನುಭವ. ರಾತ್ರಿ ಆಟಕ್ಕೆ ಹೋಗಲಾಗದ ಹೆಂಗಸರು, ವೃದ್ಧರು, ಬೀಡಿ ಕಟ್ಟುತ್ತ ಕೂರುವವರು, ಗದ್ದೆಯಿಂದ ಬಂದು ದಣಿದವರು, ಇವರೆಲ್ಲ ಕುಳಿತಲ್ಲೇ ಕೇಳುಗರಾದರು. ಬಡಗಿನವರು ತೆಂಕಿನ ಭಾಗವತರನ್ನೂ ತೆಂಕಿನವರು ಬಡಗಿನವರನ್ನೂ ನಡುಮನೆಯಲ್ಲೇ ಕೇಳಿ ಹೋಲಿಸುವಂತಾಯಿತು.

ಹೆಸರಿಲ್ಲದ ದನಿಗೆ ದರ್ಜೆ

ಊರಿಗೊಂದು ಕೇಂದ್ರ ಬಂದುದರ ಎರಡನೆಯ ಪರಿಣಾಮ ಕಲಾವಿದರ ಮೇಲೆ. ಆಕಾಶವಾಣಿಯಲ್ಲಿ ಹಾಡಬೇಕಾದರೆ ಧ್ವನಿ ಪರೀಕ್ಷೆ ದಾಟಬೇಕು. ಈ ಕ್ರಮ ರೂಪುಗೊಂಡದ್ದು ಕೇಸ್ಕರ್ ಅವರ ಕಾಲದಲ್ಲಿ. ಮೊದಲು ಸ್ಥಳೀಯ ಸಮಿತಿ ಕೇಳುತ್ತದೆ. ಶಾಸ್ತ್ರೀಯ ಸಂಗೀತವಾದರೆ ಧ್ವನಿಮುದ್ರಣ ದೆಹಲಿಯ ಮಂಡಳಿಗೆ ಹೋಗುತ್ತದೆ. ಅಲ್ಲಿ ಕೇಳುವವರಿಗೆ ಹಾಡಿದವರ ಹೆಸರು ತಿಳಿಸುವುದಿಲ್ಲ. ಯಾರ ಮಗ, ಯಾರ ಶಿಷ್ಯೆ, ಯಾವ ಜಾತಿ, ಯಾವ ಊರು ಎಂಬುದು ಗೊತ್ತಾಗದಂತೆ ಬರಿಯ ದನಿಯನ್ನೇ ತೂಗಬೇಕು. ತೇರ್ಗಡೆಯಾದವರಿಗೆ ‘ಬಿ’, ‘ಬಿ ಹೈ’, ‘ಎ’, ‘ಟಾಪ್’ ಎಂಬ ದರ್ಜೆಗಳು. ದರ್ಜೆಯಂತೆ ಸಂಭಾವನೆ.

ಈ ಪದ್ಧತಿಯನ್ನು ಟೀಕಿಸಿದವರೂ ಇದ್ದಾರೆ. ಹತ್ತು ನಿಮಿಷದ ಹಾಡಿನಿಂದ ಒಬ್ಬರ ವಿದ್ಯೆಯನ್ನು ಅಳೆಯುವುದು ಹೇಗೆ ಎಂಬುದು ಹಳೆಯ ಪ್ರಶ್ನೆ. ಆರಂಭದಲ್ಲಿ ಹಿರಿಯ ವಿದ್ವಾಂಸರೇ ಇದನ್ನು ಅವಮಾನವೆಂದು ಬಗೆದು ಪ್ರತಿಭಟಿಸಿದ್ದುಂಟು. ಆದರೂ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಮುಂದೆ ‘ಆಕಾಶವಾಣಿ ಕಲಾವಿದರು’ ಎಂದು ಅಚ್ಚಾದರೆ ಊರಿನಲ್ಲಿ ಅದಕ್ಕೊಂದು ತೂಕ ಬಂತು. ಭಜನಾ ಮಂದಿರದಲ್ಲಿ ಹಾಡಿಕೊಂಡಿದ್ದವರಿಗೆ, ಶಾಲೆಯಲ್ಲಿ ಪಾಠ ಹೇಳುತ್ತ ಸಂಜೆ ಪಿಟೀಲು ನುಡಿಸುತ್ತಿದ್ದವರಿಗೆ, ಮಠ ಮಂದಿರಗಳ ಉತ್ಸವವನ್ನೇ ಕಾಯಬೇಕಿದ್ದ ಮೃದಂಗವಾದಕರಿಗೆ ವರ್ಷಕ್ಕೆ ಕೆಲವು ಸಲವಾದರೂ ಗೌರವಧನ ಕೊಟ್ಟು ಕರೆಯುವ ಸಭೆಯೊಂದು ಹುಟ್ಟಿಕೊಂಡಿತು. ಅದಕ್ಕಾಗಿ ಬೆಂಗಳೂರಿನ ರಾತ್ರಿ ಬಸ್ಸು ಹತ್ತಬೇಕಾಗಿರಲಿಲ್ಲ. ಕಾರ್ಕಳದಿಂದಾಗಲಿ ಉಡುಪಿಯಿಂದಾಗಲಿ ಬೆಳಗ್ಗೆ ಹೊರಟು, ಹಾಡಿ, ಸಂಜೆಯೊಳಗೆ ಮನೆಗೆ ಮರಳಬಹುದಾಗಿತ್ತು.

ಕೃಷ್ಣಮಠದ ಉಡುಪಿ ಹರಿದಾಸರ ಪದಗಳ ಊರು. ಆದರೆ ಮನೆಮಾತಿನ ಹಾಡುಗಳಿಗೆ ಇಂಥ ಸಭೆ ಇರಲಿಲ್ಲ. ತುಳು ಭಾವಗೀತೆ, ಕೊಂಕಣಿ ಹಾಡು, ಜನಪದ ಗೀತೆಗಳಿಗೆ ನಿಯಮಿತ ಹೊತ್ತು ಕೊಟ್ಟದ್ದು ಮಂಗಳೂರು ಕೇಂದ್ರದ ಮುಖ್ಯವಾದ ಕೆಲಸ. ತುಳುವಿನಲ್ಲಿ ಅಚ್ಚಾದ ಪುಸ್ತಕಗಳು ಕಡಿಮೆ. ಶಾಲೆಯಲ್ಲಿ ಅದು ಬಹುಕಾಲ ಹೊರಗಿನ ಭಾಷೆ. ಬರಹದಲ್ಲಿ ಹಿಂದುಳಿದ ಭಾಷೆಗೆ ಬಾನುಲಿ ಒಗ್ಗುವ ಮಾಧ್ಯಮ, ಏಕೆಂದರೆ ಅದಕ್ಕೆ ಲಿಪಿಯ ಹಂಗಿಲ್ಲ. ಮನೆಯಲ್ಲಿ ಆಡುವ ಮಾತು ಸರ್ಕಾರಿ ಪೆಟ್ಟಿಗೆಯಿಂದ, ಸಂಸ್ಕೃತ ವಾರ್ತೆ ಓದುವ ಅದೇ ಪೆಟ್ಟಿಗೆಯಿಂದ, ಕೇಳಿಬಂದಾಗ ಆ ಮಾತಿನ ಬಗ್ಗೆ ಆಡುವವರ ಮನಸ್ಸಿನಲ್ಲೇ ಇದ್ದ ಸಂಕೋಚ ಸ್ವಲ್ಪ ಕರಗಿತು. ಅಲೆಗೆ ರಾಜ್ಯದ ಗಡಿಯೂ ಇಲ್ಲ. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗರಿಗೂ ತುಳುವರಿಗೂ ಹತ್ತಿರದ ಕನ್ನಡ ಕೇಂದ್ರವೆಂದರೆ ಮಂಗಳೂರೇ.

ಅರ್ಧ ಗಂಟೆಗೆ ಒಗ್ಗದ್ದು

ಬಾನುಲಿಯ ಮುಷ್ಟಿಗೆ ಎಂದೂ ಸಿಗದ ಹಾಡುಗಳೂ ಇಲ್ಲಿವೆ. ಸಿರಿ ಪಾಡ್ದನ ಅದಕ್ಕೆ ನಿದರ್ಶನ. ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ ಅವರು 1990ರ ಡಿಸೆಂಬರಿನಲ್ಲಿ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಜೊತೆಗೂಡಿ, ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. ಹಾಡಿ ಮುಗಿಸಲು ಹಲವು ದಿನಗಳೇ ಬೇಕಾದವು. ಬರಹಕ್ಕಿಳಿಸಿದಾಗ ಅದು 15,683 ಸಾಲುಗಳಾಯಿತು. 1998ರಲ್ಲಿ ಅದು ಪುಸ್ತಕವಾಗಿ ಬಂತು. ಓದು ಬರಹವನ್ನು ನೆಚ್ಚದ ಒಬ್ಬ ಕೃಷಿಕನ ನೆನಪಿನಲ್ಲಿ ಇಷ್ಟು ದೊಡ್ಡ ಕಾವ್ಯವಿತ್ತು. ಪಾಡ್ದನದ ತುಣುಕನ್ನು ಬಾನುಲಿ ಕೇಳಿಸಬಲ್ಲದು. ಇಡಿಯನ್ನು ಕೇಳಿಸಲು ಅದರ ದಿನಚರಿಯೇ ಒಪ್ಪುವುದಿಲ್ಲ.

ಉಡುಪಿಯಲ್ಲಿ ಇದನ್ನು ಅರಿತು ಬೇರೆ ದಾರಿ ಹಿಡಿದವರಿದ್ದರು. ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ 1980ರ ದಶಕದಲ್ಲಿ, ಫೋರ್ಡ್ ಪ್ರತಿಷ್ಠಾನದ ನೆರವಿನಿಂದ, ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ನೆಲೆಗೊಂಡಿತು. ಅದನ್ನು ಕಟ್ಟಿದವರು ಕು. ಶಿ. ಹರಿದಾಸ ಭಟ್ಟರು. ಭೂತಾರಾಧನೆ, ಯಕ್ಷಗಾನ, ಪಾಡ್ದನಗಳನ್ನು ಪ್ರಸಾರಕ್ಕಾಗಿ ಅಲ್ಲ, ಕಾಪಿಡುವುದಕ್ಕಾಗಿ ದಾಖಲಿಸುವುದು ಅದರ ಉದ್ದೇಶ. ಅಲ್ಲಿ ಗಡಿಯಾರದ ಅವಸರವಿಲ್ಲ. ಬಾನುಲಿ ಹಂಚುವ ಸಂಸ್ಥೆ, ಇದು ಕೂಡಿಡುವ ಸಂಸ್ಥೆ. ಒಂದು ನಾಡಿನ ಸಂಗೀತಕ್ಕೆ ಎರಡೂ ಬೇಕು.

ಹಂಚುವ ಸಂಸ್ಥೆಯಲ್ಲಿ ಕೂಡಿಡುವ ಅಭ್ಯಾಸ ಕಡಿಮೆ. ಅದಕ್ಕೆ ಉದಾಸೀನ ಒಂದೇ ಕಾರಣವಲ್ಲ. ಸುರುಳಿ ಟೇಪು ದುಬಾರಿ, ಸಿಗುತ್ತಿದ್ದುದು ಅಳತೆಯಲ್ಲಿ. ಪ್ರಸಾರವಾದ ಮೇಲೆ ಅಳಿಸಿ, ಅದೇ ಟೇಪಿನ ಮೇಲೆ ಹೊಸತನ್ನು ಮುದ್ರಿಸುವುದು ಲೋಕದ ದೊಡ್ಡ ದೊಡ್ಡ ಬಾನುಲಿಗಳಲ್ಲೂ ನಡೆದುಬಂದ ರೂಢಿ. ಉಳಿಸಬೇಕೆಂದು ಯಾರಿಗಾದರೂ ತೋರಿದ್ದು ಮಾತ್ರ ಉಳಿಯುತ್ತದೆ. ಉಳಿದ ಟೇಪೂ ಕರಾವಳಿಯ ಹವೆಯಲ್ಲಿ ಸುರಕ್ಷಿತವಲ್ಲ. ತೇವಕ್ಕೆ ಬೂಸಲು ಹಿಡಿಯುತ್ತದೆ, ಕಾಂತದ ಲೇಪ ಪುಡಿಯಾಗಿ ಉದುರುತ್ತದೆ. ಸಂಖ್ಯಾರೂಪಕ್ಕೆ ತಿರುಗಿಸಿದರೆ ಮಾತ್ರ ಅದಕ್ಕೆ ಆಯುಷ್ಯ.

ಕ್ಯಾಸೆಟ್ಟು, ಎಫ್.ಎಂ., ಮಣಿಪಾಲದ ಪುಟ್ಟ ಕೇಂದ್ರ

ಮಂಗಳೂರು ಆಕಾಶವಾಣಿ ಹುಟ್ಟಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಅದಕ್ಕೆ ಎದುರಾಳಿ ಬಂತು. ಕ್ಯಾಸೆಟ್ಟು ಅಗ್ಗವಾಯಿತು. ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಹಾಡು ಹೋಟೆಲು, ಅಂಗಡಿ, ಬಸ್ಸುಗಳಲ್ಲಿ ಕೇಳಿಸತೊಡಗಿತು. ಅವರು 1990ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡ ಮೇಲೂ ದನಿ ನಿಲ್ಲಲಿಲ್ಲ. ಬಾನುಲಿ ಕೊಟ್ಟಾಗ ಕೇಳಬೇಕಿದ್ದ ಕಾಲ ಹೋಗಿ, ಬೇಕೆನಿಸಿದಾಗ ಕೇಳುವ ಕಾಲ ಬಂತು. ದೂರದರ್ಶನವೂ ಬಂತು. ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿನ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳುವ ಪದ್ಧತಿ 1980ರ ದಶಕದ ನಡುವಿಗೆ ಕೊನೆಗೊಂಡಿತು.

ಆಮೇಲೆ ಎಫ್.ಎಂ. ಬಂತು. ಮಂಗಳೂರು ಆಕಾಶವಾಣಿಗೆ 100.3 ಮೆಗಾಹರ್ಟ್ಸ್‌ನಲ್ಲಿ 10 ಕಿಲೋವ್ಯಾಟಿನ ಯಂತ್ರ ದೊರೆಯಿತು. ಇದರಲ್ಲಿ 15 ಕಿಲೋಹರ್ಟ್ಸ್ ತನಕದ ಸ್ವರಗಳೂ ಉಳಿಯುವುದರಿಂದ ಮಧ್ಯಮ ತರಂಗ ನುಂಗುತ್ತಿದ್ದ ತಾಳದ ಕಿಣಿಕಿಣಿ ತಿರುಗಿ ಬಂತು, ಗರಗರ ಸದ್ದು ಹೋಯಿತು. ಆದರೆ ಎಫ್.ಎಂ. ಅಲೆ ಗಿಡ್ಡದು, ಹೆಚ್ಚುಕಡಿಮೆ ನೇರ ನೋಟದಲ್ಲಿ ಸಾಗುವಂಥದು. ಕಡಲ ಬದಿಯ ಕಾಪುವಿಗೆ ಅದು ಸಲೀಸು. ಘಟ್ಟದ ಬುಡದಲ್ಲಿ ಗುಡ್ಡದ ಮರೆಗೆ ಬಿದ್ದ ಹಳ್ಳಿಗಳಿಗೆ ಅಷ್ಟು ಸಲೀಸಲ್ಲ. ಆದ್ದರಿಂದ ಮಧ್ಯಮ ತರಂಗದ ಯಂತ್ರಗಳನ್ನು ದೇಶದ ಹಲವೆಡೆ ನಿಲ್ಲಿಸುತ್ತ ಬಂದಿರುವುದು ಬರಿಯ ಯಂತ್ರಜ್ಞರ ವಿಷಯವಲ್ಲ. ಹಳೆಯ ಅಲೆ ನಿಂತಲ್ಲಿ ಮೊದಲು ಕೇಂದ್ರವನ್ನು ಕಳೆದುಕೊಳ್ಳುವವರು ಇಂಥ ಮರೆಯ ಹಳ್ಳಿಗಳವರು.

ಗಾಳಿಯ ಅಲೆಗಳು ಸರ್ಕಾರದ ಸ್ವತ್ತಲ್ಲ, ಸಾರ್ವಜನಿಕರ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. 1997ರ ನವೆಂಬರಿನಲ್ಲಿ ಆಕಾಶವಾಣಿ, ದೂರದರ್ಶನಗಳು ಪ್ರಸಾರ ಭಾರತಿಯ ಕೈಕೆಳಗೆ ಬಂದವು. ಖಾಸಗಿ ಎಫ್.ಎಂ. ಕೇಂದ್ರಗಳು ಮಂಗಳೂರಿಗೂ ಬಂದವು. ಅವುಗಳ ಸರಕು ಮುಖ್ಯವಾಗಿ ಸಿನಿಮಾ ಹಾಡು. ಶಿಕ್ಷಣ ಸಂಸ್ಥೆಗಳಿಗೆ 2002ರ ಸುಮಾರಿಗೆ, ಸರ್ಕಾರೇತರ ಸಂಸ್ಥೆಗಳಿಗೆ 2006ರಲ್ಲಿ, ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನಿಂದ 2009ರಲ್ಲಿ ‘ರೇಡಿಯೋ ಸಾರಂಗ್’ ಪ್ರಸಾರ ಆರಂಭಿಸಿತು. ಮಣಿಪಾಲದಲ್ಲಿ ಅಲ್ಲಿನ ಸಂವಹನ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ 90.4 ಮೆಗಾಹರ್ಟ್ಸ್‌ನ ‘ರೇಡಿಯೋ ಮಣಿಪಾಲ್’ ಬಂತು. ಇಂಥ ಕೇಂದ್ರಗಳಿಗೆ ಅನುಮತಿ ಇರುವ ಶಕ್ತಿ ತೀರ ಸಣ್ಣದು. ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ ಹೆಚ್ಚು. ಆದರೆ ಅವು ಗೋಪುರದ ಎತ್ತರದಿಂದ ಬದುಕುವಂಥವಲ್ಲ, ಬಾಗಿಲಿನ ಅಗಲದಿಂದ ಬದುಕುವಂಥವು. ಧ್ವನಿ ಪರೀಕ್ಷೆ ದಾಟದ ಭಜನಾ ಮಂಡಳಿಯೂ ಹಳ್ಳಿಯ ಅಜ್ಜಿಯ ಹಾಡೂ ಅಲ್ಲಿ ಒಳಗೆ ಹೋಗಬಹುದು.

ಅಲೆ ಹೋದರೂ ಉಳಿಯಬೇಕಾದದ್ದು

ಇಂದು ಮಂಗಳೂರು ಆಕಾಶವಾಣಿ ಕೇಳಲು ರೇಡಿಯೋ ಪೆಟ್ಟಿಗೆಯೇ ಬೇಕೆಂದಿಲ್ಲ. ಪ್ರಸಾರ ಭಾರತಿಯ ಮೊಬೈಲ್ ಆ್ಯಪ್ ಮೂಲಕ ಮುಂಬಯಿಯ ತುಳುವರೂ ಕೊಲ್ಲಿ ನಾಡಿನ ಉಡುಪಿಯವರೂ ಅದನ್ನು ಕೇಳಬಹುದು. 20 ಕಿಲೋವ್ಯಾಟಿನ ಗೋಪುರಕ್ಕೆ ನಿಲುಕದ ದೂರವನ್ನು ಅಂಗೈಯ ಫೋನು ದಾಟಿಸುತ್ತದೆ. ಹಾಗೆಂದು ಬಾನುಲಿ ಕೇಂದ್ರದ ಅಗತ್ಯ ಮುಗಿಯಿತೆಂದು ಹೇಳಲಾಗದು. ದಾಟಿಸುವ ಸಾಧನ ಎಷ್ಟು ಬದಲಾದರೂ ದಾಟಿಸಬೇಕಾದ ಹಾಡು ಎಲ್ಲಾದರೂ ಹುಟ್ಟಬೇಕಲ್ಲ.

ಒಂದು ಊರಿನ ಸಂಗೀತ ಬಾನುಲಿಯ ಚರಿತ್ರೆಯನ್ನು ಕಿಲೋವ್ಯಾಟು, ಕಿಲೋಹರ್ಟ್ಸುಗಳ ಲೆಕ್ಕದಲ್ಲಿ ಬರೆಯುವುದು ಸುಲಭ. ಕರಾವಳಿಯ ಅನುಭವ ಬೇರೊಂದು ಲೆಕ್ಕ ಹೇಳುತ್ತದೆ. 1976ಕ್ಕೂ ಮೊದಲು ಇಲ್ಲಿಗೆ ಅಲೆಗಳ ಬರವಿರಲಿಲ್ಲ. ಧಾರವಾಡ, ಬೆಂಗಳೂರು, ಕೋಝಿಕ್ಕೋಡ್, ಕೊಲಂಬೊ ಎಲ್ಲವೂ ಬರುತ್ತಿದ್ದವು. ಬರವಿದ್ದುದು, ಕಾರ್ಕಳದ ಹಾಡುಗಾರ್ತಿಯನ್ನೂ ಕಾಪುವಿನ ಮದ್ದಳೆಗಾರನನ್ನೂ ಕರೆದು ಕೂರಿಸಿ, ಅವರ ದನಿಯನ್ನು ತಿಳಿದು ಕೇಳಿ, ಒಂದಿಷ್ಟು ಗೌರವಧನ ಕೊಟ್ಟು ಕಳುಹಿಸುವ ಕೋಣೆಗೆ. ಮಂಗಳೂರು ಆಕಾಶವಾಣಿ ಕೊಟ್ಟದ್ದು ಅದನ್ನು. ಮುಖ್ಯ ಕಚೇರಿಯಿಂದ ಬಂದದ್ದನ್ನೇ ಮರುಪ್ರಸಾರ ಮಾಡುವ ಹೊತ್ತು ಹೆಚ್ಚುತ್ತ, ಊರಿನ ಕಲಾವಿದರನ್ನು ಕರೆಯುವ ಹೊತ್ತು ಕುಗ್ಗುತ್ತ ಹೋದರೆ ಯಾವ ಕೇಂದ್ರವಾದರೂ ಮತ್ತೆ ಬರಿಯ ಗೋಪುರವಾಗುತ್ತದೆ.

ಆದ್ದರಿಂದ ಇಂಥ ಕೇಂದ್ರಗಳ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಎರಡೇ. ವಾರದಲ್ಲಿ ಎಷ್ಟು ಗಂಟೆ ಸ್ಥಳೀಯ ಕಲಾವಿದರು ಸ್ಟುಡಿಯೋದೊಳಗೆ ಹಾಡುತ್ತಾರೆ ಎಂಬುದು ಒಂದು. ಹಾಡಿದ್ದು ಎಲ್ಲಿ, ಯಾವ ಸ್ಥಿತಿಯಲ್ಲಿ ಉಳಿದಿದೆ, ಬೇಕಾದವರಿಗೆ ಅದು ಸಿಗುತ್ತದೆಯೇ ಎಂಬುದು ಇನ್ನೊಂದು. ಐವತ್ತು ವರ್ಷಗಳಲ್ಲಿ ಕದ್ರಿಯ ಸ್ಟುಡಿಯೋಗೆ ಬಂದುಹೋದ ಭಾಗವತರು, ಅರ್ಥಧಾರಿಗಳು, ಪಾಡ್ದನ ಹಾಡುವ ಹೆಂಗಸರಲ್ಲಿ ಹಲವರು ಈಗಿಲ್ಲ. ಅವರ ದನಿ ಎಲ್ಲಾದರೂ ಉಳಿದಿದ್ದರೆ ಅದು ಟೇಪಿನ ಸುರುಳಿಗಳಲ್ಲಿ. ಬ್ರಹ್ಮಾವರದಂಥ ಗೋಪುರ ಬಿದ್ದರೆ ಇನ್ನೊಂದನ್ನು ಎಬ್ಬಿಸಬಹುದು. ಪುಡಿಯಾದ ಟೇಪಿನ ಹಾಡನ್ನು ಯಾರಿಂದ ಮತ್ತೆ ಹಾಡಿಸುವುದು?